ದೋಣಿಯ ಬಾಲಕ್ಕೆ ಸವಣೂರ ಎಲೆ

ನಮ್ಮ ಹಾನಗಲ್ಲಿನವರಿಗೆ ಸಮುದ್ರವೆಂದರೆ ಶಿರಸಿಯ ಆಚೆ ಎಲ್ಲೋ ಇರುವ ಬೀಗರ ಮನೆ. ಇದೆ ಎಂದು ಗೊತ್ತು, ಹೋಗುವುದು ಮದುವೆ ಮುಂಜಿ ಇದ್ದಾಗ ಮಾತ್ರ. ಶಿರಸಿಯಲ್ಲಿ ಬಸ್ಸು ಬದಲಿಸಿ, ದೇವಿಮನೆ ಘಟ್ಟದ ತಿರುವುಗಳಲ್ಲಿ ಬೆಳಿಗ್ಗೆ ತಿಂದ ಒಗ್ಗರಣೆ ಮಂಡಕ್ಕಿಯನ್ನೂ ಮಿರ್ಚಿಯನ್ನೂ ಸ್ವಸ್ಥಾನದಲ್ಲಿ ಉಳಿಸಿಕೊಂಡು ಕುಮಟಾ ಮುಟ್ಟುವ ಹೊತ್ತಿಗೆ ಸಮುದ್ರ ನೋಡುವ ಆಸೆ ಅರ್ಧ ಇಳಿದಿರುತ್ತದೆ. ಇಂಥ ಊರಿನ ನಿವೃತ್ತ ವಿಜ್ಞಾನ ಮಾಸ್ತರನೊಬ್ಬ ದೋಣಿಯ ಎಂಜಿನ್ನಿಗೆ ರೆಕ್ಕೆ ಕಟ್ಟುವ ಉಸಾಬರಿಗೆ ಬಿದ್ದದ್ದು ಯಾಕೆ ಎಂದು ನಮ್ಮ ಮನೆಯಲ್ಲಿ ಈಗಲೂ ಕೇಳುತ್ತಾರೆ. ಅಕ್ಕನ ಮಗಳನ್ನು ಆ ಕಡೆ ಕೊಟ್ಟದ್ದರಿಂದ ಎನ್ನುವುದು ಸರಳ ಉತ್ತರ. ಬಾಯಿ ಸುಮ್ಮನಿರದ್ದರಿಂದ ಎನ್ನುವುದು ನಿಜವಾದ ಉತ್ತರ.

ಹಾಗೆ ನೋಡಿದರೆ ನಾನು ಔಟ್‌ಬೋರ್ಡ್ ಎಂಜಿನ್ನನ್ನು ಮೊದಲು ಕಂಡದ್ದು ಸಮುದ್ರದಲ್ಲಲ್ಲ, ಹೊಲದಲ್ಲಿ. 2019ರ ಆಗಸ್ಟಿನಲ್ಲಿ ವರದೆಯೂ ಧರ್ಮೆಯೂ ಒಟ್ಟಿಗೆ ಉಕ್ಕಿ ನಮ್ಮ ಜಿಲ್ಲೆಯ ಹೊಳೆದಂಡೆಯ ಊರುಗಳಿಗೆ ನುಗ್ಗಿದಾಗ ರಕ್ಷಣೆಯವರು ರಬ್ಬರ್ ದೋಣಿ ತಂದಿದ್ದರು. ಗೋವಿನಜೋಳ ಮುಳುಗಿದ ಕೆಂಪು ನೀರಿನ ಮೇಲೆ ಆ ದೋಣಿ ಹೊರಟ ಗಳಿಗೆಯಲ್ಲಿ ಅದರ ಮೂಗು ಮುಗಿಲಿಗೆ ಎದ್ದಿತು, ಹಿಂದೆ ಕೂತವ ಅರ್ಧ ಮುಳುಗಿದ. ಹೋರಿ ಹಬ್ಬದಲ್ಲಿ ಕೊಬ್ಬರಿ ಸರ ಕಟ್ಟಿಸಿಕೊಂಡ ಹೋರಿ ಅಖಾಡದ ಬಾಯಲ್ಲಿ ಮುಂಗಾಲೆತ್ತಿ ನಿಲ್ಲುತ್ತದಲ್ಲ, ಅದೇ ಠೀವಿ. ಒಂದಿಷ್ಟು ದೂರ ಹಾಗೇ ಒದ್ದಾಡಿ ಆಮೇಲೆ ಮೂಗು ಇಳಿಸಿ ಸರ್ರನೆ ಜಾರಿತು. ಜನ ಮನೆಮಾರು ಕಳೆದುಕೊಂಡು ನಿಂತಿರುವಾಗ ದೋಣಿಯ ಮೂಗು ನೋಡುತ್ತ ನಿಂತವ ನಾನೊಬ್ಬನೇ ಇರಬೇಕು. ಮೂವತ್ತೊಂದು ವರ್ಷ ವಿಜ್ಞಾನ ಹೇಳಿದ ಕಣ್ಣಿಗೆ ನಾಚಿಕೆ ಸ್ವಲ್ಪ ಕಡಿಮೆ.

ಅಳಿಯನ ದೋಣಿಯದೂ ಇದೇ ರೋಗ, ಆದರೆ ಹಳೆಯ ರೋಗ. 14 ಅಡಿಯ ಫೈಬರ್ ದೋಣಿ, ಬಾಲಕ್ಕೆ 15 ಅಶ್ವಶಕ್ತಿಯ ಎರಡು ಸ್ಟ್ರೋಕಿನ ಎಂಜಿನ್. ಅದು ಎಷ್ಟನೆಯ ಯಜಮಾನನಿಂದ ಬಂದದ್ದೋ ಅವನಿಗೇ ಲೆಕ್ಕ ತಪ್ಪಿತ್ತು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕು, ಹಗ್ಗ ಎಳೆದು ಎಬ್ಬಿಸಬೇಕು. ಎದ್ದ ಮೇಲೆ ಮೈಸೂರಿನ ಹಳೆಯ ಎಜ್ಡಿ ಬೈಕಿನ ಹಾಗೆ ನೀಲಿ ಹೊಗೆ ಬಿಟ್ಟು ತನ್ನ ಅಸ್ತಿತ್ವ ಸಾರುತ್ತದೆ. ಹೊಸ ಎಂಜಿನ್ನುಗಳಲ್ಲಿ ಗುಂಡಿ ಒತ್ತಿದರೆ ಕಾಲು ಒಳಗೆ ಹೊರಗೆ ವಾಲುತ್ತದಂತೆ. ಇದರಲ್ಲಿ ಒಂದು ಕಬ್ಬಿಣದ ಪಿನ್ನು, ಅದನ್ನು ತುರುಕಲು ನಾಲ್ಕು ತೂತು, ಅಷ್ಟೇ. ಒಬ್ಬನೇ ಕೂತರೆ ಹೇಗೋ ಓಡುತ್ತಿತ್ತು. ಇಬ್ಬರಾದರೆ ಮೂಗು ಮೇಲಿಟ್ಟುಕೊಂಡು ಅಘನಾಶಿನಿ ಹೊಳೆಯ ಉದ್ದಕ್ಕೂ ನೀರು ಉಳುತ್ತ ಹೋಗುತ್ತಿತ್ತು.

“ಎಂಜಿನ್ನಿಗೆ ವಯಸ್ಸಾಯ್ತು ಮಾವ,” ಅಂದ ಅಳಿಯ.

“ಎಂಜಿನ್ನಿಗಲ್ರೀ ಅಳಿಯಂದಿರ, ಬಾಲಕ್ಕ ಆಧಾರ ಇಲ್ಲ,” ಅಂದುಬಿಟ್ಟೆ. ಯಾವ ಧೈರ್ಯದ ಮೇಲೆ ಅಂದೆ? ಕೊರಡಿನ ಧೈರ್ಯದ ಮೇಲೆ.

ಹಾನಗಲ್ಲ ಸೀಮೆಯಲ್ಲಿ ಕೂರಿಗೆಯಿಂದ ಭತ್ತ ಬಿತ್ತಿದ ಗದ್ದೆಗೆ ಮಳೆನೀರು ನಿಂತ ಮೇಲೆ ಎತ್ತು ಹೂಡಿ ಕೊರಡು ಹೊಡೆಯುತ್ತಾರೆ. ದಪ್ಪನೆಯ ಮರದ ದಿಮ್ಮಿಯದು. ಅದರ ಮೇಲೆ ಭಾರಕ್ಕೆ ಮನೆಯ ಹುಡುಗನನ್ನು ಕೂರಿಸುವುದು ವಾಡಿಕೆ, ಹುಡುಗನಿಗೆ ಬೇರೆ ಉಪಯೋಗ ಕಾಣದಿದ್ದರೆ. ನಾನು ಎಷ್ಟೋ ಮುಂಗಾರುಗಳನ್ನು ಕೊರಡಿನ ಮೇಲೆ ಕಳೆದಿದ್ದೇನೆ. ಎತ್ತು ಮೆಲ್ಲಗೆ ನಡೆದರೆ ಕೊರಡು ಕೆಸರು ತಳ್ಳುತ್ತದೆ. ಎತ್ತು ಬೆದರಿ ಓಡಿದರೆ ಅದೇ ಕೊರಡು ನೀರಿನ ಮೇಲಕ್ಕೆ ಎದ್ದು ಜಾರುತ್ತದೆ, ಎಳೆಯುವುದು ಎತ್ತಿಗೆ ಹಗುರ, ಕೂತವನಿಗೆ ಸ್ವರ್ಗ. ಆದರೆ ಕುಂಡಿ ನಾಲ್ಕು ಬೆರಳು ಹಿಂದೆ ಸರಿಯಿತೋ, ಮುಂದಿನ ಅಂಚು ಎದ್ದು ಹಿಂದಿನ ಅಂಚು ಹೂತು ಎತ್ತಿಗೆ ಗುಡ್ಡ ಎಳೆದ ಅನುಭವ. ಅಪ್ಪ ಹಿಂದಿನಿಂದ ಬಾರುಕೋಲು ಬೀಸುತ್ತಿದ್ದ, ಎತ್ತಿಗಲ್ಲ.

ದೋಣಿಯ ವಿಷಯವೂ ಇಷ್ಟೇ. ಮೆಲ್ಲಗೆ ಹೋಗುವ ದೋಣಿ ನೀರನ್ನು ಎಡಕ್ಕೆ ಬಲಕ್ಕೆ ಸರಿಸುತ್ತ ಹೋಗುತ್ತದೆ. ವೇಗ ಏರಿದಂತೆ ತಾನೇ ಎಬ್ಬಿಸಿದ ಅಲೆ ಮೂಗಿನಡಿ ದಿಬ್ಬವಾಗಿ ನಿಲ್ಲುತ್ತದೆ. 14 ಅಡಿಯ ದೋಣಿಗೆ ಗಂಟೆಗೆ 9 ಕಿಲೋಮೀಟರಿನ ಆಸುಪಾಸಿನಲ್ಲಿ ಈ ದಿಬ್ಬ ಎದುರಾಗುತ್ತದೆ. ಅಲ್ಲಿ ಬಾಲ ತಗ್ಗಿಗೆ ಬೀಳುತ್ತದೆ, ಮೂಗು ಏಳುತ್ತದೆ, ಎಂಜಿನ್ ಕಿರುಚುತ್ತದೆ, ಎಣ್ಣೆ ಖರ್ಚಾಗುತ್ತದೆ, ದಾರಿ ಸಾಗುವುದಿಲ್ಲ. ಕಸುವಿದ್ದರೆ ದೋಣಿ ಆ ದಿಬ್ಬ ಹತ್ತಿ ನೀರಿನ ಬೆನ್ನ ಮೇಲೆ ಜಾರತೊಡಗುತ್ತದೆ. ಇದಕ್ಕೆ ಪ್ಲೇನಿಂಗ್ ಎಂದು ಹೆಸರು. ನಮ್ಮೂರ ಆನೆಕೆರೆಯಲ್ಲಿ ಚಪ್ಪಟೆ ಕಲ್ಲು ಬೀಸಿ ನೀರ ಮೇಲೆ ಕಪ್ಪೆ ಹಾರಿಸಿದ ಯಾವ ಹುಡುಗನಿಗೂ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಕರಾವಳಿಯವರಂತೂ ಇದನ್ನು ಪಂದ್ಯವನ್ನೇ ಮಾಡಿಟ್ಟಿದ್ದಾರೆ. ಕಂಬಳದ ಕನೆಹಲಗೆಯಲ್ಲಿ ಕೋಣ ಓಡಿಸುವವ ಒಂದು ಹಲಗೆಯ ಮೇಲೆ ಕಾಲಿಟ್ಟು ನಿಲ್ಲುತ್ತಾನೆ. ಹಲಗೆ ಕೆಸರುನೀರಿನ ಮೇಲೆ ಹಾರುವಾಗ ಅದರ ತೂತುಗಳಿಂದ ನೀರು ಚಿಮ್ಮುತ್ತದೆ, ಆರೂವರೆ ಕೋಲು ಏಳೂವರೆ ಕೋಲು ಎತ್ತರಕ್ಕೆ ಕಟ್ಟಿದ ನಿಶಾನೆ ತೋಯಿಸಿದವ ಗೆದ್ದ. ಟಿವಿಯಲ್ಲಿ ಅದನ್ನು ನೋಡಿದಾಗಲೆಲ್ಲ ನನ್ನ ಕುಂಡಿಯ ಹಳೆಯ ಬಾಸುಂಡೆ ನೆನಪಾಗುತ್ತದೆ.

ಈ ಬಾಲದ ರೋಗಕ್ಕೆ ಲೋಕದಲ್ಲಿ ಔಷಧಿ ಆಗಲೇ ಇದೆ. ಎಂಜಿನ್ನಿನ ಕಾಲಿನಲ್ಲಿ, ಅಳಿಯ ಫ್ಯಾನು ಎಂದು ಕರೆಯುವ ಪ್ರೊಪೆಲ್ಲರಿಗೆ ಸ್ವಲ್ಪ ಮೇಲೆ, ಅಂಗೈಯಗಲದ ಒಂದು ಅಡ್ಡ ಪ್ಲೇಟು ಇರುತ್ತದೆ. ಅದಕ್ಕೆ ಎರಡು ಕಡೆ ರೆಕ್ಕೆಯಂಥದೊಂದನ್ನು ಬೋಲ್ಟು ಹಾಕಿ ಕೂರಿಸುವುದು. ಓಡುವಾಗ ನೀರು ಆ ರೆಕ್ಕೆಯನ್ನು ಮೇಲಕ್ಕೆ ಒತ್ತುತ್ತದೆ, ಬಾಲ ಏಳುತ್ತದೆ, ಮೂಗು ತಾನಾಗಿ ತಗ್ಗುತ್ತದೆ, ದೋಣಿ ದಿಬ್ಬವನ್ನು ಬೇಗ ದಾಟುತ್ತದೆ. ದಾಟಿದ ಮೇಲೆ ಎಂಜಿನ್ನಿನ ಕೊರಳು ಸ್ವಲ್ಪ ಸಡಿಲಿಸಿದರೂ ಕೆಳಗೆ ಬೀಳದೆ ಜಾರುತ್ತಲೇ ಇರುತ್ತದೆ. ಪ್ಲಾಸ್ಟಿಕ್ಕಿನ ತಯಾರಿ ರೆಕ್ಕೆಗಳು ತರಿಸಿದರೆ ಮನೆಗೇ ಬರುತ್ತವೆ. ಇದರ ಹೆಸರು ಹೈಡ್ರೋಫಾಯಿಲ್.

ಹೆಸರು ಹಾಗೆ, ವಸ್ತು ಹಾಗಲ್ಲ. ನಿಜವಾದ ಹೈಡ್ರೋಫಾಯಿಲ್ ಅಂದರೆ ದೋಣಿಯ ಮೈಯನ್ನೇ ಪೂರ್ತಿ ನೀರಿನಿಂದ ಮೇಲೆತ್ತಿ ನಿಲ್ಲಿಸುವ ರೆಕ್ಕೆ. ಇಟಲಿಯ ಎನ್ರಿಕೊ ಫೊರ್ಲಾನೀನಿ 1906ರಲ್ಲಿ ಮಜ್ಜೋರೆ ಸರೋವರದಲ್ಲಿ ಅಂಥದನ್ನು ಓಡಿಸಿದ. ಟೆಲಿಫೋನಿನ ಗ್ರಹಾಂ ಬೆಲ್ ಅದರಲ್ಲಿ ಕೂತು ಬಂದು ಮರುಳಾಗಿ, ಕೇಸಿ ಬಾಲ್ಡ್ವಿನ್ ಜೊತೆ ಕೆನಡಾದಲ್ಲಿ ತಾನೂ ಒಂದು ಕಟ್ಟಿದ. 1919ರ ಸೆಪ್ಟೆಂಬರಿನಲ್ಲಿ ಅದು ಗಂಟೆಗೆ 114 ಕಿಲೋಮೀಟರ್ ಓಡಿ ದಾಖಲೆ ಮಾಡಿತು. ನಮ್ಮ ಅಂಗೈಯಗಲದ ರೆಕ್ಕೆ ಆ ವಂಶಕ್ಕೆ ದೂರದ ದಾಯಾದಿ. ರೆಕ್ಕೆ ಕೂರುವ ಪ್ಲೇಟಿನದೂ ಅದೇ ಕಥೆ. ಮೆಕ್ಯಾನಿಕ್ಕುಗಳು ಅದನ್ನು ಕ್ಯಾವಿಟೇಷನ್ ಪ್ಲೇಟ್ ಅನ್ನುತ್ತಾರೆ. ಕ್ಯಾವಿಟೇಷನ್ ಅಂದರೆ ಫ್ಯಾನಿನ ಬೆನ್ನಲ್ಲಿ ಒತ್ತಡ ಇಳಿದು ನೀರು ಬೆಂಕಿಯಿಲ್ಲದೆ ಕುದಿಯುವುದು. ಅದನ್ನು ಈ ಪ್ಲೇಟು ತಡೆಯುವುದಿಲ್ಲ. ಮೇಲಿನ ಗಾಳಿಯನ್ನು ಫ್ಯಾನು ಒಳಕ್ಕೆ ಹೀರದಂತೆ ಮುಚ್ಚಳವಾಗಿ ನಿಲ್ಲುವುದಷ್ಟೇ ಅದರ ಕೆಲಸ.

ಹೆಸರಿಗೆ ತಕ್ಕ ಹಾಗೆ ಇರಬೇಕು ಎಂದು ಹಟ ಹಿಡಿಯಲು ನಾವು ಯಾರು? ನಮ್ಮ ಆನೆಕೆರೆಯಲ್ಲಿ ಆನೆಯಿಲ್ಲ. ಸವಣೂರಿನ ಮಠದ ಆವರಣದಲ್ಲಿರುವ ದೊಡ್ಡ ಹುಣಸೆ ಮರಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ. ಅವು ಹುಣಸೆಯೇ ಅಲ್ಲ, ಆಫ್ರಿಕದ ಬಾವೋಬಾಬ್. ಹಾನಗಲ್ಲಿನ ಹೆಸರನ್ನು ಲೋಕಕ್ಕೆಲ್ಲ ಕೇಳಿಸಿದ ಗಂಗೂಬಾಯಿಯವರು 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಅದರಿಂದ ಹುಣಸೆಯ ನೆರಳು ಕಡಿಮೆಯಾಗಿಲ್ಲ, ನಮ್ಮೂರಿನ ಹೆಮ್ಮೆಯಂತೂ ಕಡಿಮೆಯಾಗುವ ಪ್ರಶ್ನೆಯೇ ಇಲ್ಲ.

“ತರಿಸೋದ್ಯಾಕ್ರೀ, ನಮ್ಮ ಕಡೆ ಮಾಡಿಸ್ಕೊಂಡ ಬರ್ತೀನಿ” ಎಂದು ಅಳಿಯನಿಗೆ ಹೇಳಿ ಊರಿಗೆ ಬಂದೆ. ರಟ್ಟು ಕತ್ತರಿಸಿ ಅಳತೆಯ ನಮೂನೆ ಮಾಡಿದೆ. ನಡುವೆ ಎಂಜಿನ್ನಿನ ಕಾಲು ಹಿಡಿಯಲು ಸೀಳು, ಎರಡು ಕಡೆ ದುಂಡಗೆ ಅಗಲ, ತುದಿಗೆ ಚೂಪು. ಮನೆಯಾಕೆ ನೋಡಿ, “ಇದೇನು, ಸವಣೂರ ಎಲಿ ಮಾಡೀರಿ, ಸುಣ್ಣ ಹಚ್ಚೋದೊಂದ ಬಾಕಿ” ಅಂದಳು. ಹೌದು, ತೊಟ್ಟು ತೆಗೆದ ವೀಳ್ಯದೆಲೆಯೇ. ಅಂದಿನಿಂದ ಆ ಸಾಮಾನಿಗೆ ನಮ್ಮ ಮನೆಯಲ್ಲಿ ಸವಣೂರ ಎಲೆ ಎಂದೇ ಹೆಸರು. ಹೈಡ್ರೋಫಾಯಿಲ್‌ಗಿಂತ ಇದು ನಿಜಕ್ಕೆ ಹತ್ತಿರ.

ನಮೂನೆ ಹಿಡಿದು ಶಿಗ್ಗಾವಿಗೆ ಹೋದೆ. ಹೆದ್ದಾರಿ ಬದಿಯಲ್ಲಿ ನನ್ನ ಪರಿಚಯದ ಮಿಸ್ತ್ರಿಯೊಬ್ಬರ ಲೇಥ್ ಅಂಗಡಿಯಿದೆ. ಟ್ರೇಲರು, ಕುಂಟೆ, ರಾಶಿ ಮಷೀನಿನ ರಿಪೇರಿ ಅವರ ಕಸುಬು. ಹಿರೇಕೆರೂರಿನ ನನ್ನ ಗೆಳೆಯನೂ ಅಂದು ಜೊತೆಗಿದ್ದ. ಅವನದೊಂದು ಚಟ. ತನ್ನ ತಾಲೂಕು ಸರ್ವಜ್ಞನ ಸೀಮೆ ಎಂಬ ಸಲಿಗೆಯಿಂದ ಯಾವ ಮಾತು ಬಂದರೂ ಒಂದು ಮೂರು ಸಾಲು ಹೊಸೆದು ‘ಸರ್ವಜ್ಞ ಹೇಳ್ಯಾನ’ ಎಂದು ಮುದ್ರೆ ಒತ್ತುವುದು. ಔಟ್‌ಬೋರ್ಡ್ ಎಂಜಿನ್ನಿನ ಬಗ್ಗೆಯೂ ಸರ್ವಜ್ಞ ಹೇಳಿದ್ದಾನೆಂದು ನನಗೆ ಗೊತ್ತಾದದ್ದು ಅಂದೇ.

ಮಿಸ್ತ್ರಿ ರಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು. ಯಾವ ಯಂತ್ರದ್ದು, ಎಲ್ಲಿಯದು ಎಂದು ಕೇಳಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

“ಮಾಸ್ತರ, ಇದು ಇಳೀಬೇಕೋ, ಏಳಬೇಕೋ?”

ನನಗೆ ಮೈ ಜುಮ್ಮೆಂದಿತು. ಫೊರ್ಲಾನೀನಿಯೂ ಬೆಲ್ಲನೂ ತಲೆ ಕೆಡಿಸಿಕೊಂಡದ್ದು ಇದೇ ಪ್ರಶ್ನೆಗೆ. ಕುಂಟೆಯ ಕುಡದ ಮೂತಿ ಕೊಂಚ ಕೆಳಗಾದರೆ ಅದು ನೆಲಕ್ಕೆ ಇಳಿಯುತ್ತದೆ, ಕೊಂಚ ಮೇಲಾದರೆ ಹುಲ್ಲು ಸವರಿಕೊಂಡು ಮೇಲೆ ಮೇಲೆ ಹೋಗುತ್ತದೆ. ದಿನಕ್ಕೆ ಹತ್ತು ರೈತರು ‘ನಮ್ಮ ಕುಂಟಿ ಇಳೀವಲ್ದು’ ಎಂದು ಬರುವ ಅಂಗಡಿಯಲ್ಲಿ ಕೂತವರಿಗೆ ರೆಕ್ಕೆಯ ಕೋನ ಅಂದರೇನು ಎಂದು ಪಾಠ ಮಾಡಬೇಕೆ?

“ಏಳಬೇಕ್ರಿ,” ಅಂದೆ.

“ಹಂಗಾರ ಹಿಂದಿನ ಅಂಚು ಒಂದೀಟ ಕೆಳಗ ಬಗ್ಗಸ್ತೀನಿ.”

5 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು ಕತ್ತರಿಸಿ, ಅಂಚು ನುಣ್ಣಗೆ ಅರೆದು, ಹಿಂದಿನ ಅಂಚನ್ನು ಅಂದಾಜಿನಲ್ಲಿ ಬಗ್ಗಿಸಿ, ನಾಲ್ಕು ಬೋಲ್ಟು ಕೈಗಿಟ್ಟರು. ದುಡ್ಡು ಕೊಡಲು ಹೋದರೆ, “ಏಳಲಿ ಮದಲ, ಆಮ್ಯಾಲ ಕೊಡ್ರಿ” ಅಂದರು. ಗೆಳೆಯ ದಾರಿಯಲ್ಲಿ ಇದನ್ನೂ ಸರ್ವಜ್ಞನ ಖಾತೆಗೆ ಬರೆದ.

ಕುಮಟಾದಲ್ಲಿ ಅಳಿಯ ಎಲೆಯನ್ನು ಮೆಚ್ಚಿದ. ಬೋಲ್ಟು ನೋಡಿ ನಕ್ಕ. “ಎಂಥದು ಮಾವ ಇದು? ಕಬ್ಬಿಣ! ಇಲ್ಲಿ ಉಪ್ಪು ನೀರು.” ಎರಡು ಬೇರೆ ಲೋಹ, ನಡುವೆ ಉಪ್ಪುನೀರು: ಇದನ್ನು ಗ್ಯಾಲ್ವನಿಕ್ ಕೋಶ ಎನ್ನುತ್ತಾರೆ, ಚಿತ್ರ ಬರೆದು ಭಾಗಗಳನ್ನು ಹೆಸರಿಸಿ, ಐದು ಅಂಕ. ಮೂವತ್ತೊಂದು ಬ್ಯಾಚಿನ ಮಕ್ಕಳಿಂದ ಆ ಚಿತ್ರ ಬರೆಸಿದ ನಾನು ಆ ಕೋಶವನ್ನೇ ಕಿಸೆಯಲ್ಲಿಟ್ಟುಕೊಂಡು ಘಟ್ಟ ಇಳಿದಿದ್ದೆ. ಪೇಟೆಗೆ ಹೋಗಿ ಸ್ಟೇನ್‌ಲೆಸ್ ಬೋಲ್ಟು ತಂದೆವು. ಅದೂ ಅಲ್ಯೂಮಿನಿಯಮ್ಮಿಗೆ ಸೋದರನಲ್ಲ, ನಡುವೆ ನೈಲಾನ್ ವಾಷರು, ಮೇಲಿಷ್ಟು ಗ್ರೀಸು ಬೇಕು.

ಇನ್ನು ತೂತು ಕೊರೆಯುವ ಕೆಲಸ. ಎಂಜಿನ್ನಿನ ಪ್ಲೇಟಿಗೆ ನಾಲ್ಕು ತೂತು ಬೀಳಬೇಕು. ಒಮ್ಮೆ ಬಿದ್ದದ್ದು ಮತ್ತೆ ಮುಚ್ಚುವುದಿಲ್ಲ. ಅಂಚಿಗೆ ಹತ್ತಿರವಾದರೆ ಪ್ಲೇಟು ಸೀಳಬಹುದು. ಅಳಿಯ ಡ್ರಿಲ್ ಹಿಡಿದು ಎರಡು ಸಲ ಮುಂದೆ ಬಂದ, ಎರಡು ಸಲ ಹಿಂದೆ ಸರಿದ. ಮಗಳ ಕಿವಿ ಚುಚ್ಚುವ ದಿನ ಅಕ್ಕಸಾಲಿಗರ ಮುಂದೆ ಅವನು ಹೀಗೇ ಮಾಡಿದ್ದ ಎಂದು ಅವನ ಹೆಂಡತಿ, ನಮ್ಮ ಹುಡುಗಿ, ನೆನಪಿಸಿದಳು. ಕೊನೆಗೆ ಅವಳೇ ಎಂಜಿನ್ನಿನ ಕಾಲು ಗಟ್ಟಿಯಾಗಿ ಹಿಡಿದು ಮುಖ ಆ ಕಡೆ ತಿರುಗಿಸಿದಳು, ಅವನು ಕಣ್ಣು ಅರ್ಧ ಮುಚ್ಚಿ ಕೊರೆದ.

ಔಟ್‌ಬೋರ್ಡಿನ ಹುಟ್ಟಿನ ಬಗ್ಗೆ ಒಂದು ಕಥೆಯಿದೆ. ಅಮೆರಿಕದ ಓಲೆ ಎವಿನ್‌ರೂಡ್ ಎಂಬವ ಸರೋವರದ ದಂಡೆಗೆ ವನಭೋಜನಕ್ಕೆ ಹೋದಾಗ ಅವನ ಹುಡುಗಿ ಐಸ್‌ಕ್ರೀಮ್ ಬೇಕೆಂದಳಂತೆ. ಹುಟ್ಟು ಹಾಕಿಕೊಂಡು ಆಚೆ ದಡಕ್ಕೆ ಹೋಗಿ ತರುವಷ್ಟರಲ್ಲಿ ಅದು ಕರಗಿ ನೀರಾಗಿತ್ತು. ಆ ಉರಿಗೆ ಅವನು ದೋಣಿಯ ಬಾಲಕ್ಕೆ ಎಂಜಿನ್ ಕಟ್ಟುವುದನ್ನು ಕಲಿತು, 1909ರಲ್ಲಿ ಕಂಪನಿ ತೆರೆದ. ಎಷ್ಟು ನಿಜವೋ, ಕೇಳಲು ಚೆನ್ನಾಗಿದೆ. ಈ ಕಥೆ ಹೇಳಿದಾಗ ನಮ್ಮ ಹುಡುಗಿ ಗಂಡನ ಕಡೆ ನೋಡಿದ ನೋಟವನ್ನು ಬರೆಯುವ ಶಕ್ತಿ ನನಗಿಲ್ಲ.

ಅಘನಾಶಿನಿಗೆ ಎಲ್ಲೂ ಅಣೆಕಟ್ಟು ಕಟ್ಟಿಲ್ಲ. ಇಳಿತದ ಹೊತ್ತಿಗೆ ಹೋದರೆ ಹೊಳೆಯ ತಳವೇ ತೆರೆದುಕೊಂಡು ಹೆಂಗಸರು ಗಂಡಸರು ಸೊಂಟದುದ್ದ ನೀರಲ್ಲಿ ನಿಂತು ಬೆಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿರುತ್ತಾರೆ. ಅದರಿಂದ ಉಬ್ಬರ ತುಂಬುವ ತನಕ ಕಾದೆವು. ಎಲೆ ಕೂರಿಸುವ ಮೊದಲೇ ಒಂದು ಓಟ ಓಡಿಸಿ ಲೆಕ್ಕ ಇಟ್ಟಿದ್ದೆ. ಹಿಂದೆ ಅಳಿಯನ ಪಕ್ಕ ನಾನು, ಅವನು ಎಂಜಿನ್ನಿನ ಕಿವಿ ಪೂರ್ತಿ ತಿರುಗಿಸಿದಾಗಿನಿಂದ ಮೂಗು ಇಳಿಯುವ ತನಕ ಎಣಿಸಿದ್ದು ಹದಿನೇಳು. ಎಲೆ ಕೂರಿಸಿದ ಮೇಲೆ ಎರಡನೆಯ ಓಟ. ಈ ಸಲ ನಾನು ಮುಂದಿನ ಹಲಗೆಗೆ ಹೋಗಿ ಕೂತೆ. ಫೋನಿನಲ್ಲಿ ವೇಗ ನೋಡಲು ಎಂದು ಹೇಳಿದೆ. ಹೊಸದಾಗಿ ತೂತು ಬಿದ್ದ ಎಂಜಿನ್ನಿನಿಂದ ಸಾಧ್ಯವಾದಷ್ಟು ದೂರ ಇರುವುದು ಒಳಗಿನ ಕಾರಣ.

ಅಳಿಯ ಕಿವಿ ತಿರುಗಿಸಿದ. ದೋಣಿ ಮೂಗು ಎತ್ತಲೇ ಇಲ್ಲ. ಎಂಟು ಎಣಿಸುವಷ್ಟರಲ್ಲಿ ನೀರಿನ ಮೇಲೆ ಇದ್ದೆವು. ಇದ್ದೆವು ಅನ್ನುವುದಕ್ಕಿಂತ, ಮೂಗು ಮುಂದಿನ ಅಲೆಗೆ ಹೊಕ್ಕು ಅಘನಾಶಿನಿಯ ಒಂದು ಪಾಲು ನನ್ನ ಮುಖದ ಮೇಲಿತ್ತು. ಮಿಸ್ತ್ರಿಯವರ ‘ಒಂದೀಟ’ ಹೆಚ್ಚಾಗಿತ್ತು. ಶಿಗ್ಗಾವಿಯ ಎರೆಮಣ್ಣಿಗೆ ಸರಿಯಾದ ಬಾಗು ನೀರಿಗೆ ವಿಪರೀತ. ದಡಕ್ಕೆ ಬಂದು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಅರ್ಧ ನೆಟ್ಟಗೆ ಮಾಡಿದೆವು. ಮೂರನೆಯ ಓಟದಲ್ಲಿ ಒಂಬತ್ತಕ್ಕೆ ಎದ್ದಿತು, ಮುಖ ಒಣಗಿದ್ದಿತು. ಅಳಿಯ ಗೆದ್ದ ಹೋರಿಯ ಯಜಮಾನನ ಹಾಗೆ ಕೈಯೆತ್ತಿದ. ಹದಿನೇಳು ಎಲ್ಲಿ, ಒಂಬತ್ತು ಎಲ್ಲಿ! ನಾನು ದಡದಲ್ಲೇ ಕೂತು ಸಣ್ಣ ಭಾಷಣ ಮಾಡಿದೆ. ಕೊರಡು, ಕುಂಟೆ, ಕನೆಹಲಗೆ, ಫೊರ್ಲಾನೀನಿ, ಎಲ್ಲ ಬಂತು.

ಹುಡುಗಿ ಭಾಷಣ ಮುಗಿಯುವ ತನಕ ಸುಮ್ಮನಿದ್ದು ಕೇಳಿದಳು: “ಮಾಮಾ, ಮದಲನೇ ಸಲ ನೀವು ಹಿಂದ ಕೂತಿದ್ರಿ, ಆಮ್ಯಾಲ ಮುಂದ ಕೂತ್ರಿ. ಎದ್ದದ್ದು ಎಲಿಯಿಂದೋ, ನಿಮ್ಮಿಂದೋ?”

ಏಳನೆಯ ತರಗತಿಯಲ್ಲಿ ಅವಳಿಗೆ ವಿಜ್ಞಾನ ಹೇಳಿದವ ನಾನೇ. ಪ್ರಯೋಗದಲ್ಲಿ ಒಂದನ್ನು ಬದಲಿಸಿ, ಉಳಿದದ್ದನ್ನೆಲ್ಲ ಇದ್ದ ಹಾಗೇ ಇಡಬೇಕು ಎಂದು ಹಲಗೆಯ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದವನೂ ನಾನೇ. ಆಗ ನನ್ನ ತೂಕ 78 ಕಿಲೊ. ಬಾಲದಿಂದ ಮೂಗಿಗೆ 78 ಕಿಲೊ ಸರಿಸಿ ಎಲೆಯ ಮಹಿಮೆ ಕೊಂಡಾಡುವುದು ಎತ್ತಿನ ಬದಲು ಟ್ರಾಕ್ಟರ್ ಹೂಡಿ ಕುಂಟೆಯನ್ನು ಹೊಗಳಿದ ಹಾಗೆ.

ನಾಲ್ಕನೆಯ ಓಟ ಓಡಲೇಬೇಕಾಯಿತು. ಎಲೆ ಇದ್ದ ಹಾಗೇ, ನಾನು ಮತ್ತೆ ಹಿಂದೆ: ಹನ್ನೆರಡು. ಐದನೆಯದು, ಎಲೆ ಬಿಚ್ಚಿ, ನಾನು ಮುಂದೆ: ಹನ್ನೊಂದು. ಅಂದರೆ ಎಲೆಯೂ ಕೆಲಸ ಮಾಡುತ್ತದೆ, ಮಾಸ್ತರನೂ ಮಾಡುತ್ತಾನೆ, ಎಲೆಗಿಂತ ಮಾಸ್ತರ ಒಂದು ಕೂದಲು ಹೆಚ್ಚು. ಇಬ್ಬರೂ ಸೇರಿದರೆ ಒಂಬತ್ತು. ಆದರೆ ಮಾಸ್ತರ ದಿನಾ ಕುಮಟಾದಲ್ಲಿ ಸಿಗುವುದಿಲ್ಲ, ಎಲೆ ಸಿಗುತ್ತದೆ. ಎಲೆಗೆ ಊಟ ಹಾಕಬೇಕಿಲ್ಲ ಎಂದು ಹುಡುಗಿ ಸೇರಿಸಿದಳು. ಪೂರ್ತಿ ವೇಗದಲ್ಲಿ ಮಾತ್ರ ಎಲೆ ಒಂದಿಷ್ಟು ಸುಂಕ ವಸೂಲಿ ಮಾಡುತ್ತದೆ. ನೀರಲ್ಲಿ ಅಷ್ಟಗಲದ ತಗಡನ್ನು ಎಳೆದುಕೊಂಡು ಹೋಗಬೇಕಲ್ಲ, ಫೋನು ಗಂಟೆಗೆ 2 ಕಿಲೋಮೀಟರ್ ಕಡಿಮೆ ತೋರಿಸಿತು. ಅಳಿಯನಿಗೆ ಅದರ ಚಿಂತೆಯಿಲ್ಲ. ಬಲೆ ಹಾಕಲು ಹೋಗುವವನಿಗೆ ದಾಖಲೆ ಯಾಕೆ, ಏಳುವುದು ಮುಖ್ಯ.

ಹಳೆಯ ಎಂಜಿನ್ ಇಟ್ಟುಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು: ಡ್ರಿಲ್ ಕೈಗೆತ್ತಿಕೊಳ್ಳುವ ಮೊದಲು ಪೆಟ್ರೋಲಿನ ಡಬ್ಬಿ, ಲಂಗರು, ನೀರಿನ ಕೊಡ, ಹಿಂದೆ ಕೂತು ಉಪದೇಶ ಮಾಡುವ ಸೋದರಮಾವ, ಇಷ್ಟನ್ನೂ ಮುಂದಕ್ಕೆ ಸರಿಸಿ ನೋಡಿ. ಪಿನ್ನನ್ನು ಒಂದು ತೂತು ಒಳಗೆ ಹಾಕಿ ನೋಡಿ. ಪ್ಲೇಟು ದೋಣಿಯ ತಳದ ಮಟ್ಟಕ್ಕೆ ಸರಿಯಾಗಿ ಇದೆಯೇ ನೋಡಿ. ಇಷ್ಟಾದರೂ ಬಾಲ ಏಳದಿದ್ದರೆ ಆಮೇಲೆ ಎಲೆ.

ಶಿಗ್ಗಾವಿಗೆ ಹೋಗಿ ಮಿಸ್ತ್ರಿಯವರಿಗೆ ದುಡ್ಡು ಕೊಟ್ಟು ಬಂದೆ. ಬಾಗು ಅರ್ಧ ತೆಗೆದೆವು ಅಂದದ್ದಕ್ಕೆ, “ಅರ್ಧ ದುಡ್ಡ ವಾಪಸ್ ಕೊಡ್ಲೇನ್ರಿ?” ಎಂದು ಕೇಳಿದರು. ಎಲೆ ಎರಡು ಮಳೆಗಾಲ ಕಂಡಿದೆ, ಬೋಲ್ಟು ಒಂದು ಬದಲಾಗಿದೆ. ನನ್ನ ತೂಕ ಈಗ 81. ಹೋದ ಸಲ ಹೋದಾಗ ನೋಡಿದೆ, ಅಳಿಯ ದೋಣಿಯ ಮುಂದಿನ ಹಲಗೆಗೆ ಒಂದು ದಿಂಬು ಹೊಲಿಸಿ ಹಾಕಿದ್ದಾನೆ.